ಕಡಲಕಳೆಯ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವುದು ಹೇಗೆ?

ಮಳೆಗಾಲ ಮುಗಿದು ಕಡಲು ಶಾಂತವಾಯಿತೆಂದರೆ ಕಾರವಾರದಿಂದ ಸೋಮೇಶ್ವರದವರೆಗಿನ ಬಂಡೆಗಳ ಮೇಲೆ ಕಡಲಕಳೆ ಚಿಗುರತೊಡಗುತ್ತದೆ. ಅದರ ಬೆನ್ನಿಗೇ ಎಂಎಸ್ಸಿ ಪ್ರಾಜೆಕ್ಟುಗಳೂ ಚಿಗುರುತ್ತವೆ. ‘ಇಂಥ ಪಾಚಿಯ ಮೆಥನಾಲ್ ಸಾರದ ಕ್ಯಾನ್ಸರ್ ನಿರೋಧಕ ಗುಣ’ ಎಂಬ ಬಗೆಯ ಶೀರ್ಷಿಕೆ ನಮ್ಮಲ್ಲಿ ಹೊಸದೇನಲ್ಲ. ಸೋಜಿಗವೆಂದರೆ ಅಂಥ ಬಹುಪಾಲು ವರದಿಗಳಲ್ಲಿ ಸಾರ ‘ಕೆಲಸ ಮಾಡಿರುತ್ತದೆ’.

ಕಡಲಿನಿಂದ ಕ್ಯಾನ್ಸರ್ ಔಷಧ ಬಂದೇ ಇಲ್ಲ ಎಂದಲ್ಲ. ಕೆರಿಬಿಯನ್ ಸ್ಪಂಜಿನ ಅಣುಗಳಿಂದ ಪ್ರೇರಣೆ ಪಡೆದ ಸೈಟರಾಬಿನ್‌ಗೆ ಅಮೆರಿಕದಲ್ಲಿ 1969ರಲ್ಲೇ ಅನುಮತಿ ಸಿಕ್ಕಿತು. ಸ್ಪಂಜಿನಲ್ಲೇ ಮೊದಲು ಕಂಡ ಹ್ಯಾಲಿಕಾಂಡ್ರಿನ್ ಅಣುವಿನ ಜಾಡು ಹಿಡಿದು ರೂಪಿಸಿದ ಎರಿಬುಲಿನ್ 2010ರಲ್ಲಿ ಬಂತು. ಆದರೆ ಕಡಲಕಳೆಯಿಂದ ಹುಟ್ಟಿ ಅನುಮೋದನೆ ಪಡೆದ ಕ್ಯಾನ್ಸರ್ ಔಷಧ ಈವರೆಗೆ ಒಂದೂ ಇಲ್ಲ. ಹಾಗೆಂದು ಹುಡುಕಾಟ ಬಿಡಬೇಕಾಗಿಲ್ಲ. ‘ಇಲ್ಲ, ಈ ಸಾರದಲ್ಲಿ ಏನೂ ಇಲ್ಲ’ ಎಂದು ಹೇಳಲು ಅವಕಾಶ ಇರುವಂತೆ ಪರೀಕ್ಷೆಯನ್ನು ಕಟ್ಟಬೇಕು, ಅಷ್ಟೇ. ಜೀವಕೋಶ ಬೆಳೆಸುವ ಸೌಲಭ್ಯವಿರುವ, ಆದರೆ ದುಬಾರಿ ಉಪಕರಣಗಳಿಲ್ಲದ ಪ್ರಯೋಗಾಲಯದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುವ ಪಡೀನಾ ಎಂಬ ಕಂದು ಪಾಚಿಯನ್ನು ಇಟ್ಟುಕೊಳ್ಳೋಣ.

ಮೊದಲು, ಕಳೆ ತರುವುದು

ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಇಳಿತದ ವೇಳೆ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಉಬ್ಬರವಿಳಿತದ ಪಟ್ಟಿ ನೋಡಿಕೊಂಡು, ನೀರು ತೀರಾ ಕೆಳಗಿಳಿಯುವ ಹೊತ್ತಿಗೆ ಒಂದು ಗಂಟೆ ಮುಂಚೆ ಬಂಡೆಯ ಮೇಲಿರಿ. ದಡಕ್ಕೆ ಕೊಚ್ಚಿ ಬಂದು ಬಿದ್ದ ಕಳೆಯನ್ನು ಮುಟ್ಟಬೇಡಿ; ಅದು ಯಾವಾಗ ಕಿತ್ತು ಬಂತೋ, ಎಷ್ಟು ಕೊಳೆತಿದೆಯೋ ಯಾರಿಗೆ ಗೊತ್ತು. ಬೆಳೆದು ನಿಂತದ್ದನ್ನೇ ಚಾಕುವಿನಿಂದ ಕತ್ತರಿಸಿ, ಬುಡವನ್ನು ಬಂಡೆಗೇ ಬಿಡಿ. ನದಿಮುಖ, ಬಂದರು, ಮೀನು ಇಳಿಸುವ ಧಕ್ಕೆಗಳಿಂದ ದೂರವಿರುವ ಜಾಗ ಆರಿಸಿಕೊಳ್ಳಿ. ಕಂದು ಪಾಚಿಗಳು ನೀರಿನಲ್ಲಿರುವ ಲೋಹಗಳನ್ನೂ ಆರ್ಸೆನಿಕ್ಕನ್ನೂ ಹೀರಿ ಶೇಖರಿಸುತ್ತವೆ. ಜಪಾನಿನಲ್ಲಿ ಹಿಜಿಕಿ ಎಂದು ತಿನ್ನುವ ಸರ್ಗಾಸಮ್ ಜಾತಿಯ ಕಳೆಯಲ್ಲಿ ವಿಷಕಾರಿ ಅಜೈವಿಕ ಆರ್ಸೆನಿಕ್ ಇರುವುದರಿಂದ ಅದನ್ನು ತಿನ್ನಬೇಡಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲೇ ಎಚ್ಚರಿಸಿತ್ತು. ಇಂಥ ಕಳೆಯ ಸಾರ ಕೋಶಗಳನ್ನು ಕೊಂದರೆ ಕೊಂದದ್ದು ಯಾವುದು ಎಂಬ ಪ್ರಶ್ನೆ ಏಳುತ್ತದೆ. ಕೈಲಾದರೆ ಒಣಪುಡಿಯ ಲೋಹಾಂಶವನ್ನು ಒಮ್ಮೆ ಅಳೆಯಿಸಿಬಿಡಿ.

ಪಡೀನಾ ಬೀಸಣಿಗೆಯಂತೆ ಹರಡಿರುತ್ತದೆ, ಮೇಲೆ ಬಿಳಿ ಪಟ್ಟೆಗಳಿರುತ್ತವೆ. ಆ ಬಿಳಿ ಸುಣ್ಣದ್ದು. ಕಂದು ಪಾಚಿಗಳಲ್ಲಿ ಸುಣ್ಣ ಹೊರುವವು ಬಲು ವಿರಳ. ಹೀಗಾಗಿ ಇದರ ಒಣ ತೂಕದಲ್ಲಿ ಸುಣ್ಣದ ಪಾಲೂ ಸೇರಿರುತ್ತದೆ. ಕುಲವನ್ನು ಕಣ್ಣಿನಿಂದಲೇ ಹೇಳಬಹುದು, ಜಾತಿಯನ್ನು ಹಾಗೆ ಹೇಳಲಾಗದು. ಹೊಸ ಬ್ಲೇಡಿನಿಂದ ಎಲೆಯ ಅಡ್ಡಸೀಳು ತೆಗೆದು, ಕೋಶಗಳ ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಬುಡದ ಕಡೆಗೂ ಅಂಚಿನ ಕಡೆಗೂ ಪದರಗಳ ಸಂಖ್ಯೆ ಬೇರೆಯಾಗಬಹುದು, ಎರಡು ಕಡೆಯೂ ನೋಡಿ. ಕಾರವಾರದ ಕೋಡಿಬಾಗದಲ್ಲಿರುವ ಸಮುದ್ರ ಜೀವವಿಜ್ಞಾನ ವಿಭಾಗದಲ್ಲೋ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲೋ ಪಾಚಿ ಬಲ್ಲವರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಒಂದು ಮಾದರಿಯನ್ನು ಹರ್ಬೇರಿಯಂ ಹಾಳೆಗೆ ಒತ್ತಿ, ಸ್ಥಳ, ದಿನಾಂಕ ಬರೆದು, ಸಂಖ್ಯೆ ಹಾಕಿಸಿ ಇಡಿ. ಹೆಸರುಗಳು ಬದಲಾಗುತ್ತಲೇ ಇರುತ್ತವೆ. ಎಂಟೆರೊಮಾರ್ಫಾ ಎಂದು ನಾವೆಲ್ಲ ಓದಿದ ಕುಲವನ್ನು 2003ರಲ್ಲಿ ಉಲ್ವಾದೊಳಗೆ ಸೇರಿಸಿದರು. ಹೆಸರು ಬದಲಾದರೂ ಹಾಳೆಯ ಮೇಲಿನ ಕಳೆ ಬದಲಾಗುವುದಿಲ್ಲ.

ತೊಳೆಯುವುದನ್ನು ಅವಸರದಲ್ಲಿ ಮುಗಿಸಬೇಡಿ. ಮೊದಲು ಅಲ್ಲಿನದೇ ಕಡಲ ನೀರಿನಲ್ಲಿ ಮರಳು, ಚಿಪ್ಪು, ಸಣ್ಣ ಹುಳಗಳನ್ನು ತೆಗೆಯಿರಿ. ಪ್ರಯೋಗಾಲಯಕ್ಕೆ ಬಂದ ಮೇಲೆ ಮೃದು ಬ್ರಷ್ ಹಿಡಿದು ಸಿಹಿನೀರಿನಲ್ಲಿ ಬೇಗ ತೊಳೆಯಿರಿ. ಎಷ್ಟೇ ತೊಳೆದರೂ ಒಳಗಿರುವ ಬ್ಯಾಕ್ಟೀರಿಯಾ ಹೋಗುವುದಿಲ್ಲ ಎಂಬುದೂ ತಿಳಿದಿರಲಿ. ಕಹಲಾಲೈಡ್ ಎಫ್ ಎಂಬ ಅಣುವಿನ ಕಥೆ ಇದಕ್ಕೆ ಸೊಗಸಾದ ಸಾಕ್ಷಿ. ಅದು ಮೊದಲು ಸಿಕ್ಕಿದ್ದು ಹವಾಯಿಯ ಒಂದು ಕಡಲ ಮೃದ್ವಂಗಿಯಲ್ಲಿ. ಆ ಪ್ರಾಣಿಗೆ ಅದು ಬಂದದ್ದು ತಾನು ತಿನ್ನುವ ಬ್ರಯಾಪ್ಸಿಸ್ ಎಂಬ ಹಸಿರು ಪಾಚಿಯಿಂದ ಎಂದು ಆಮೇಲೆ ಗೊತ್ತಾಯಿತು. ಅಣು ಮನುಷ್ಯರ ಮೇಲಿನ ಎರಡನೇ ಹಂತದ ಪ್ರಯೋಗದವರೆಗೂ ಹೋಗಿ ಅಲ್ಲಿಗೇ ನಿಂತಿತು. ಕೊನೆಗೆ 2019ರಲ್ಲಿ ತಿಳಿದದ್ದೇನೆಂದರೆ, ಅದನ್ನು ತಯಾರಿಸುವುದು ಪಾಚಿಯೂ ಅಲ್ಲ, ಪಾಚಿಯೊಳಗೆ ಬಾಳುವ ಒಂದು ಬ್ಯಾಕ್ಟೀರಿಯಾ.

ಒಣಗಿಸಿ ಸಾರ ತೆಗೆಯುವುದು

ನೆರಳಿನಲ್ಲಿ ಒಣಗಿಸಿ. ಕಂದು ಪಾಚಿಯ ಫ್ಯೂಕೊಕ್ಸಾಂಥಿನ್ ವರ್ಣದ್ರವ್ಯ ಬೆಳಕಿಗೂ ಬಿಸಿಗೂ ಬೇಗ ಹಾಳಾಗುತ್ತದೆ. ಕರಾವಳಿಯ ತೇವದಲ್ಲಿ ನೆರಳಲ್ಲಿ ಒಣಗದಿದ್ದರೆ 40 ಡಿಗ್ರಿ ಮೀರದ ಓವನ್‌ನಲ್ಲಿಡಿ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿ ಇರಿಸಿ.

20 ಗ್ರಾಂ ಪುಡಿಗೆ 200 ಮಿ.ಲೀ. ಮೆಥನಾಲ್ ಸುರಿದು, ಶೇಕರ್ ಮೇಲೆ 24 ಗಂಟೆ ಇಟ್ಟು ಸೋಸಿ. ಅದೇ ಪುಡಿಗೆ ಹೊಸ ಮೆಥನಾಲ್ ಹಾಕಿ ಇನ್ನೆರಡು ಸಲ ಹೀಗೇ ಮಾಡಿ, ಮೂರನ್ನೂ ಒಟ್ಟುಗೂಡಿಸಿ ರೋಟರಿ ಇವಾಪೊರೇಟರಿನಲ್ಲಿ 40 ಡಿಗ್ರಿಯೊಳಗೆ ಮೆಥನಾಲನ್ನು ಆವಿಯಾಗಿಸಿ. ಉಳಿಯುವುದು ಅಂಟಂಟಾದ ಕಡುಹಸಿರು ಮುದ್ದೆ. ಮೆಥನಾಲ್ ಪೂರ್ತಿ ಹೋಗಿದೆ ಎಂದು ಖಚಿತವಾಗುವವರೆಗೆ ನಿರ್ವಾತದಲ್ಲಿ ಒಣಗಿಸಿ, ತೂಕ ಸ್ಥಿರವಾದ ಮೇಲೆ ಬರೆದುಕೊಳ್ಳಿ. ಪಾಲಿಸ್ಯಾಕರೈಡ್, ಅಂದರೆ ಫ್ಯೂಕೊಯ್ಡಾನ್ ಬೇಕೆನ್ನುವವರಿಗೆ ಈ ದಾರಿ ಅಲ್ಲ. ಅವರು ಬಿಸಿನೀರಿನಲ್ಲಿ ತೆಗೆದು, ಕ್ಯಾಲ್ಸಿಯಂ ಕ್ಲೋರೈಡಿನಿಂದ ಆಲ್ಜಿನೇಟನ್ನು ಬೇರ್ಪಡಿಸಿ, ಎಥನಾಲಿನಲ್ಲಿ ಒತ್ತರಿಸಬೇಕು (ಗಟ್ಟಿಯಾಗಿ ತಳಕ್ಕೆ ಬೀಳಿಸಬೇಕು).

ಇಲ್ಲೇ ಮೊದಲ ಮೋಸ ನುಸುಳುತ್ತದೆ: ಉಪ್ಪು. ಕಡಲಕಳೆಯ ಒಣ ತೂಕದಲ್ಲಿ ಖನಿಜಾಂಶ ಶೇಕಡ 20ರಿಂದ 40ರವರೆಗೂ ಇರಬಹುದು; ನೀರಿನಲ್ಲಷ್ಟೇ ಅಲ್ಲ, ಮೆಥನಾಲಿನಲ್ಲೂ ಅದರ ಒಂದಿಷ್ಟು ಇಳಿಯುತ್ತದೆ. ನೀವು 100 ಮೈಕ್ರೊಗ್ರಾಂ ಎಂದು ಬರೆದ ಸಾರದಲ್ಲಿ ಅರ್ಧ ಉಪ್ಪೇ ಆಗಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಮುದ್ದೆಯನ್ನು ನೀರು ಮತ್ತು ಈಥೈಲ್ ಅಸಿಟೇಟ್ ನಡುವೆ ಹಂಚಿದರೆ ಉಪ್ಪು ನೀರಿನಲ್ಲಿ ಉಳಿಯುತ್ತದೆ. ಮಿ.ಲೀ.ಗೆ ಹಲವು ಮಿಲಿಗ್ರಾಂ ಸಾರ ಸುರಿದು ಕೋಶಗಳು ಸತ್ತವು ಎನ್ನುವವರು ತಮ್ಮ ಮಾಧ್ಯಮದ (ಕೋಶ ಬೆಳೆಸುವ ಪೋಷಕ ದ್ರವದ) ಉಪ್ಪಿನಂಶವನ್ನು ಮೊದಲು ಅಳೆಯಲಿ.

ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿ.ಲೀ.ಗೆ 50 ಮಿಲಿಗ್ರಾಂನಂತೆ ಕರಗಿಸಿ. ಇದರಿಂದ ಮಿ.ಲೀ.ಗೆ 100 ಮೈಕ್ರೊಗ್ರಾಂ ಬೇಕೆಂದರೆ 500 ಪಟ್ಟು ತೆಳುಗೊಳಿಸಬೇಕು, ಆಗ ಡಿಎಂಎಸ್‌ಒ ಶೇಕಡ 0.2 ಇರುತ್ತದೆ. ಶೇಕಡ 0.5 ದಾಟಬೇಡಿ. ಸೋಸುವುದಿದ್ದರೆ ಸೆಲ್ಯುಲೋಸ್ ಅಸಿಟೇಟ್ ಫಿಲ್ಟರ್ ಬೇಡ, ಡಿಎಂಎಸ್‌ಒ ಅದನ್ನು ಕರಗಿಸುತ್ತದೆ. ಪಿಟಿಎಫ್‌ಇ ಅಥವಾ ನೈಲಾನ್ ಬಳಸಿ. ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ ಮೈನಸ್ 20ರಲ್ಲಿಡಿ. ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಕೋಶಗಳು

ಪಕ್ಕದ ಪ್ರಯೋಗಾಲಯದ ಗೆಳೆಯನಿಂದ ಒಂದು ಫ್ಲಾಸ್ಕ್ ಇಸಿದುಕೊಳ್ಳುವ ಪದ್ಧತಿ ನಮ್ಮಲ್ಲಿ ಸಾಮಾನ್ಯ. ಬೇಡ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಿಕೊಳ್ಳಿ. ಕೋಶಗಳ ಗುರುತು ಅದಲುಬದಲಾಗುವುದು ಈ ಕ್ಷೇತ್ರದ ಹಳೆಯ ರೋಗ. 1951ರಲ್ಲಿ ಬಾಲ್ಟಿಮೋರ್‌ನ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ ಬಂದ ಹೀಲಾ ಕೋಶಗಳು ಎಷ್ಟು ಹುರುಪಿನಿಂದ ಬೆಳೆಯುತ್ತವೆಂದರೆ, ಬೇರೆ ಎಷ್ಟೋ ಕೋಶಸಾಲುಗಳ (ಒಂದೇ ಮೂಲದಿಂದ ಬೆಳೆಸುತ್ತಾ ಬಂದ ಕೋಶಗಳ) ಫ್ಲಾಸ್ಕುಗಳಿಗೆ ಹೊಕ್ಕು ಅವನ್ನು ಅಳಿಸಿ ತಾವೇ ನೆಲೆಸಿವೆ. ‘ಆರೋಗ್ಯವಂತ ಯಕೃತ್ತಿನ ಕೋಶ’ ಎಂದು ಹಲವು ಪ್ರಬಂಧಗಳಲ್ಲಿ ಕಾಣುವ ಚಾಂಗ್ ಲಿವರ್ ನಿಜಕ್ಕೂ ಹೀಲಾವೇ. ಹೀಲಾದ ಮೇಲೆ ಕೆಲಸ ಮಾಡಿ ಚಾಂಗ್ ಲಿವರನ್ನು ಬಿಟ್ಟ ಸಾರವನ್ನು ‘ಕ್ಯಾನ್ಸರನ್ನು ಮಾತ್ರ ಕೊಲ್ಲುತ್ತದೆ’ ಎಂದು ಬರೆದವರ ಗತಿ ಊಹಿಸಿ. ತಪ್ಪು ಗುರುತಿನ ಕೋಶಸಾಲುಗಳ ಪಟ್ಟಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಕೊಳ್ಳುವ ಮುನ್ನ ಒಮ್ಮೆ ನೋಡಿ.

ಎಂಸಿಎಫ್-7 (ಸ್ತನ), ಹೀಲಾ, ಹೆಚ್‌ಸಿಟಿ-116 (ದೊಡ್ಡ ಕರುಳು) ಇಂತಹ ಎರಡು ಮೂರು ಕ್ಯಾನ್ಸರ್ ಸಾಲುಗಳು ಸಾಕು. ಹೀಲಾದಲ್ಲಿ ಪ್ಯಾಪಿಲೋಮಾ ವೈರಸ್ಸಿನ ಜೀನುಗಳಿರುವುದರಿಂದ ಎರಡನೇ ದರ್ಜೆಯ ಜೈವಿಕ ಸುರಕ್ಷತೆ ಬೇಕು. ಇವುಗಳ ಜೊತೆಗೆ ಕ್ಯಾನ್ಸರ್ ಅಲ್ಲದ ಒಂದು ಸಾಲು ಇರಲೇಬೇಕು. ಅನೇಕರು ಮಂಗನ ಮೂತ್ರಪಿಂಡದ ವೀರೋ ಅಥವಾ ಇಲಿಯ ಎಲ್929 ಹಿಡಿಯುತ್ತಾರೆ. ಸ್ತನ ಕ್ಯಾನ್ಸರಿಗೆ ಮಾನವ ಸ್ತನದ್ದೇ ಆದ ಎಂಸಿಎಫ್-10ಎ ಇನ್ನೂ ಒಳ್ಳೆಯ ಜೋಡಿ. ಒಂದು ಎಚ್ಚರ: ನಿಧಾನವಾಗಿ ವಿಭಜಿಸುವ ಕೋಶಗಳು ವಿಭಜನೆ ತಡೆಯುವ ಯಾವ ವಿಷಕ್ಕಾದರೂ ಕಡಿಮೆ ಬಗ್ಗುತ್ತವೆ. ಎರಡು ಸಾಲುಗಳ ಬೆಳವಣಿಗೆಯ ವೇಗವನ್ನು ಅಳೆದಿಟ್ಟುಕೊಳ್ಳದೆ ‘ಆಯ್ದು ಕೊಲ್ಲುತ್ತದೆ’ ಎನ್ನಬೇಡಿ. ಕೋಶಗಳೊಡನೆ ಸೇರಿಕೊಳ್ಳುವ ಅತಿ ಸಣ್ಣ ಬ್ಯಾಕ್ಟೀರಿಯಾ ಮೈಕೊಪ್ಲಾಸ್ಮಾದ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಅದು ಕಣ್ಣಿಗೆ ಕಾಣದು, ಮಾಧ್ಯಮವನ್ನು ಕದಡಿಸುವುದೂ ಇಲ್ಲ, ಆದರೆ ಫಲಿತಾಂಶವನ್ನು ಕೆಡಿಸುತ್ತದೆ.

ಪ್ಲೇಟ್ ಜೋಡಣೆ

96 ವೆಲ್‌ಗಳ (ಪುಟ್ಟ ಕುಳಿಗಳ) ಪ್ಲೇಟಿನಲ್ಲಿ ಅಂಚಿನ 36 ವೆಲ್‌ಗಳು ಬೇಗ ಆವಿಯಾಗುತ್ತವೆ. ಅವುಗಳಿಗೆ ಬರೀ ಬಫರ್ ತುಂಬಿ ಮರೆತುಬಿಡಿ. ಉಳಿಯುವುದು 60: ಬಿಯಿಂದ ಜಿವರೆಗೆ ಆರು ಅಡ್ಡಸಾಲು, 2ರಿಂದ 11ರವರೆಗೆ ಹತ್ತು ಕಂಬಸಾಲು. ನಾನು ಹೇಳಿಕೊಡುವ ಜೋಡಣೆ ಹೀಗಿದೆ. 2ನೇ ಕಂಬಸಾಲು ಏನೂ ಹಾಕದ್ದು, 3ನೆಯದು ಡಿಎಂಎಸ್‌ಒ ಮಾತ್ರ, 4ರಿಂದ 9 ಸಾರದ ಆರು ಪ್ರಮಾಣಗಳು (ಮಿ.ಲೀ.ಗೆ 200, 100, 50, 25, 12.5, 6.25 ಮೈಕ್ರೊಗ್ರಾಂ), 10 ಮತ್ತು 11 ಹೋಲಿಕೆಗೆಂದು ಇಡುವ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್‌ನ ಎರಡು ಪ್ರಮಾಣ. ಬಿಯಿಂದ ಇವರೆಗಿನ ನಾಲ್ಕು ಅಡ್ಡಸಾಲುಗಳಲ್ಲಿ ಕೋಶಗಳಿರುತ್ತವೆ. ಎಫ್ ಮತ್ತು ಜಿ ಸಾಲುಗಳಿಗೆ ಉಳಿದೆಲ್ಲವನ್ನೂ ಹಾಕಬೇಕು, ಕೋಶ ಮಾತ್ರ ಹಾಕಬಾರದು. ಈ ಎರಡು ಸಾಲುಗಳಿಗೆ ಪ್ಲೇಟಿನ ಜಾಗ ವ್ಯರ್ಥ ಎಂದು ಮೂಗು ಮುರಿಯುವವರೇ ಹೆಚ್ಚು. ನನ್ನ ಮಟ್ಟಿಗೆ ಇಡೀ ಪ್ರಯೋಗದ ಮಾನ ಉಳಿಸುವುದು ಅವೇ. ಕಾರಣ ಮುಂದೆ ಬರುತ್ತದೆ.

ಟ್ರಿಪ್ಸಿನ್‌ನಿಂದ ಬಿಡಿಸಿದ ಕೋಶಗಳನ್ನು ಟ್ರೈಪಾನ್ ಬ್ಲೂ ಹಾಕಿ ಎಣಿಸಿ, ನೀಲಿಯಾದವು ಸತ್ತವು. ಮಿ.ಲೀ.ಗೆ 60,000 ಕೋಶಗಳಂತೆ ಮಾಡಿ ವೆಲ್‌ಗೆ 100 ಮೈಕ್ರೊಲೀಟರ್ ಹಾಕಿದರೆ ತಲಾ 6,000 ಬೀಳುತ್ತವೆ. ಹಾಕುವಾಗ ನಳಿಕೆಯನ್ನು ಆಗಾಗ ಮೆಲ್ಲಗೆ ತಿರುಗಿಸಿ. ಇಲ್ಲದಿದ್ದರೆ ಕೋಶಗಳು ತಳಕ್ಕೆ ಕೂತು, ವೆಲ್‌ನಿಂದ ವೆಲ್‌ಗೆ ಸಂಖ್ಯೆ ಏರುಪೇರಾಗುತ್ತದೆ. ಪ್ಲೇಟನ್ನು ಕೂಡಲೇ ಇನ್‌ಕ್ಯುಬೇಟರಿಗೆ ನುಗ್ಗಿಸದೆ ಸ್ವಲ್ಪ ಹೊತ್ತು ಮೇಜಿನ ಮೇಲೇ ಬಿಡಿ, ಕೋಶಗಳು ಸಮನಾಗಿ ಹರಡಿ ಕೂರುತ್ತವೆ. ಆಮೇಲೆ 37 ಡಿಗ್ರಿ, ಶೇಕಡ 5 ಇಂಗಾಲದ ಡೈಆಕ್ಸೈಡ್, 24 ಗಂಟೆ.

ಸಾರವನ್ನು ಎರಡು ಪಟ್ಟು ಗಟ್ಟಿಯಾಗಿ ಮಾಧ್ಯಮದಲ್ಲಿ ತಯಾರಿಸಿ 100 ಮೈಕ್ರೊಲೀಟರಿನಂತೆ ಸೇರಿಸಿ. ಎಲ್ಲ ಪ್ರಮಾಣಗಳಲ್ಲೂ ಡಿಎಂಎಸ್‌ಒ ಒಂದೇ ಮಟ್ಟದಲ್ಲಿರಲಿ. ಸೇರಿಸಿದ ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿ: 200ರ ವೆಲ್‌ನಲ್ಲಿ ಕಂದು ಕಣಗಳು ಹರಡಿ ಬಿದ್ದಿದ್ದರೆ ಸಾರ ಕರಗಿಲ್ಲ ಎಂದರ್ಥ, ಆ ಪ್ರಮಾಣವನ್ನು ಲೆಕ್ಕದಿಂದ ಬಿಡಿ. ಡಾಕ್ಸೊರುಬಿಸಿನ್ ಸ್ವತಃ ವಿಷ. ಕೈಗವಸು ಹಾಕಿ ಮುಟ್ಟಿ, ಅದರ ತ್ಯಾಜ್ಯವನ್ನು ವೈದ್ಯಕೀಯ ತ್ಯಾಜ್ಯದ ಹಳದಿ ಚೀಲದ ವ್ಯವಸ್ಥೆಗೇ ಕೊಡಿ.

ಎಂಟಿಟಿ, ಮತ್ತು ಅದು ಸುಳ್ಳು ಹೇಳುವ ಬಗೆ

48 ಗಂಟೆಯಾದ ಮೇಲೆ ಮೊದಲು ಕಣ್ಣಿನಿಂದ ನೋಡಿ, ಚಿತ್ರ ತೆಗೆದಿಡಿ. ಕೋಶಗಳು ಕುಗ್ಗಿ ದುಂಡಗಾಗಿವೆಯೇ, ಒಡೆದು ಚೂರಾಗಿವೆಯೇ, ಸುಮ್ಮನೆ ಸಂಖ್ಯೆ ಕಡಿಮೆಯಿದೆಯೇ? ಯಂತ್ರ ಕೊಡುವ ಒಂಟಿ ಅಂಕಿಯಲ್ಲಿ ಈ ಮೂರಕ್ಕೂ ವ್ಯತ್ಯಾಸವಿಲ್ಲ.

1983ರಲ್ಲಿ ಮೋಸ್ಮನ್ ಪ್ರಕಟಿಸಿದ ಈ ವಿಧಾನ ಸರಳ. ಮಿ.ಲೀ.ಗೆ 5 ಮಿಲಿಗ್ರಾಂ ಇರುವ ಹಳದಿ ಎಂಟಿಟಿ ದ್ರಾವಣವನ್ನು ವೆಲ್‌ಗೆ 20 ಮೈಕ್ರೊಲೀಟರ್ ಹಾಕಿ 3ರಿಂದ 4 ಗಂಟೆ ಬಿಟ್ಟರೆ, ಬದುಕಿರುವ ಕೋಶಗಳು ಅದನ್ನು ನೇರಳೆ ಫಾರ್ಮಜಾನ್ ಆಗಿ ಬದಲಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ಕೋಶದ ಮೈಮೇಲೆ ನೇರಳೆ ಸೂಜಿಗಳು ಎದ್ದು ನಿಂತಂತೆ ಕಾಣುತ್ತದೆ. ಮಾಧ್ಯಮ ತೆಗೆಯುವಾಗ ಪ್ಲೇಟನ್ನು ಓರೆ ಮಾಡಿ ಪಿಪೆಟ್ಟಿನ ತುದಿಯನ್ನು ಗೋಡೆಗೆ ತಾಗಿಸಿ ನಿಧಾನ ಎಳೆಯಿರಿ, ಸೂಜಿಗಳೇ ಹೊರಟು ಹೋದರೆ ಜೀವಂತ ಕೋಶವೂ ಸತ್ತ ಲೆಕ್ಕಕ್ಕೆ ಸೇರುತ್ತದೆ. 100 ಮೈಕ್ರೊಲೀಟರ್ ಡಿಎಂಎಸ್‌ಒದಲ್ಲಿ ಕರಗಿಸಿ, ಗುಳ್ಳೆಗಳಿದ್ದರೆ ಸೂಜಿಯಿಂದ ಒಡೆದು, 570 ನ್ಯಾನೊಮೀಟರಿನಲ್ಲಿ ಓದಿಸಿ.

ಕಂದು ಪಾಚಿಯ ತೊಡಕು ಈಗ ಬರುತ್ತದೆ. ಅದರಲ್ಲಿರುವ ಫ್ಲೋರೊಟ್ಯಾನಿನ್ ಎಂಬ ಪಾಲಿಫೀನಾಲ್‌ಗಳು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಅಂದರೆ ಸತ್ತ ಕೋಶಗಳ ವೆಲ್ ಕೂಡ ಬದುಕಿದಂತೆ ನಟಿಸುತ್ತದೆ. ಕೋಶವಿಲ್ಲದ ಎಫ್, ಜಿ ಸಾಲುಗಳನ್ನು ಇಟ್ಟದ್ದು ಇದನ್ನು ಹಿಡಿಯಲೆಂದೇ. ಕಾಲ್ಪನಿಕ ಅಂಕಿಗಳಲ್ಲಿ ನೋಡಿ. ಏನೂ ಹಾಕದ ಕೋಶಗಳ ಓದು 0.90, ಸಾರ ಹಾಕಿದ ಕೋಶಗಳದ್ದು 0.45, ಬರೀ ಮಾಧ್ಯಮದ್ದು 0.05, ಕೋಶವಿಲ್ಲದೆ ಸಾರವಷ್ಟೇ ಇದ್ದ ವೆಲ್‌ನದ್ದು 0.15 ಎಂದಿಟ್ಟುಕೊಳ್ಳಿ. ಬರೀ ಮಾಧ್ಯಮವನ್ನು ಕಳೆದರೆ 0.40ನ್ನು 0.85ರಿಂದ ಭಾಗಿಸಿ ಶೇಕಡ 47 ಬದುಕಿವೆ ಎನ್ನುತ್ತೀರಿ. ಸಾರದ್ದೇ ಬಣ್ಣ ಕಳೆದರೆ 0.30ನ್ನು 0.85ರಿಂದ ಭಾಗಿಸಬೇಕು, ಶೇಕಡ 35. ಕೋಶವಿಲ್ಲದ ವೆಲ್ ಇದಕ್ಕಿಂತ ಬಹಳ ಗಾಢವಾಗಿ ನೇರಳೆಯಾದರೆ ಕಳೆಯುವ ಲೆಕ್ಕವೂ ನಂಬಿಕೆಗೆ ಯೋಗ್ಯವಲ್ಲ. ಆಗ ಎಂಟಿಟಿ ಹಾಕುವ ಮುನ್ನ ಸಾರವಿರುವ ಮಾಧ್ಯಮ ತೆಗೆದು, ಬಫರಿನಿಂದ ಒಮ್ಮೆ ತೊಳೆದು, ಹೊಸ ಮಾಧ್ಯಮ ಹಾಕಿ ಮತ್ತೆ ಪ್ರಯೋಗ ಮಾಡಬೇಕು.

ವಿರುದ್ಧ ದಿಕ್ಕಿನ ಮೋಸವೂ ಇದೆ. ಪಾಲಿಫೀನಾಲ್‌ಗಳು ಪೋಷಕ ಮಾಧ್ಯಮದಲ್ಲೇ ಗಾಳಿಯ ಆಮ್ಲಜನಕದೊಡನೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕೋಶಗಳನ್ನು ಕೊಲ್ಲುವುದು ಆ ಪೆರಾಕ್ಸೈಡ್. ದೇಹದೊಳಗೆ ಹಾಗೆ ಆಗುವ ಸಂಭವ ಕಡಿಮೆ. ಪರೀಕ್ಷೆ ಸುಲಭ: ಕೆಲವು ವೆಲ್‌ಗಳಿಗೆ ಸಾರದ ಜೊತೆಗೆ ಕ್ಯಾಟಲೇಸ್ ಕಿಣ್ವ ಸೇರಿಸಿ. ಅಲ್ಲಿ ಕೋಶಗಳು ಬದುಕಿಕೊಂಡರೆ ನಿಮ್ಮ ಸಾರದ ಮಹಿಮೆ ಬರೀ ಪೆರಾಕ್ಸೈಡಿನದ್ದು. ಕಡಲಕಳೆಯ ಪ್ರಬಂಧಗಳಲ್ಲಿ ಈ ಒಂದು ಸಾಲು ಕಾಣುವುದು ಅಪರೂಪ. ಖರ್ಚು ಹೆಚ್ಚಿಲ್ಲ, ಮಾಡದಿರಲು ನೆಪವಿಲ್ಲ.

ಇಷ್ಟೆಲ್ಲ ತಲೆನೋವು ಬೇಡವೆನ್ನುವವರಿಗೆ, ಅದರಲ್ಲೂ ಕಂದು ಪಾಚಿ ಹಿಡಿದವರಿಗೆ, ನಾನು ಎಸ್‌ಆರ್‌ಬಿ (ಸಲ್ಫೊರೊಡಮೈನ್ ಬಿ ಎಂಬ ಬಣ್ಣ) ವಿಧಾನವನ್ನೇ ಮೊದಲು ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1990ರ ಹೊತ್ತಿಗೆ ರೂಢಿಗೆ ತಂದ ಇದು ಕೋಶದ ಪ್ರೋಟೀನಿಗೆ ಅಂಟುವ ಬಣ್ಣವನ್ನು ಅಳೆಯುತ್ತದೆ. ತಣ್ಣನೆಯ ಟ್ರೈಕ್ಲೋರೊಅಸಿಟಿಕ್ ಆಮ್ಲದಲ್ಲಿ ಕೋಶಗಳನ್ನು ಒಂದು ಗಂಟೆ ಗಟ್ಟಿಗೊಳಿಸಿ, ನೀರಿನಲ್ಲಿ ನಾಲ್ಕೈದು ಸಲ ತೊಳೆದು, ಶೇಕಡ 0.4ರ ಬಣ್ಣ ಹಾಕಿ, ಹೆಚ್ಚಿನದ್ದನ್ನು ಶೇಕಡ 1ರ ಅಸಿಟಿಕ್ ಆಮ್ಲದಲ್ಲಿ ತೊಳೆದು, ಒಣಗಿದ ಮೇಲೆ ಟ್ರಿಸ್ ದ್ರಾವಣದಲ್ಲಿ ಕರಗಿಸಿ ಓದುವುದು. ಗಟ್ಟಿಗೊಳಿಸಿದ ಪ್ಲೇಟನ್ನು ನಾಳೆಗೆ ಇಟ್ಟುಕೊಂಡರೂ ನಡೆಯುತ್ತದೆ. ವಿದ್ಯುತ್ ಕೈಕೊಡುವ ಕಡೆ ಇದೇನು ಸಣ್ಣ ಅನುಕೂಲವಲ್ಲ. ಸಾರ ಹಾಕುವ ಗಳಿಗೆಯಲ್ಲೇ ಇನ್ನೊಂದು ಪ್ಲೇಟನ್ನು ಗಟ್ಟಿಗೊಳಿಸಿ ಇಟ್ಟರೆ, ಸಾರ ಕೋಶಗಳನ್ನು ಕೊಂದಿತೋ ಬೆಳವಣಿಗೆಯನ್ನಷ್ಟೇ ನಿಲ್ಲಿಸಿತೋ ಎಂಬುದೂ ತಿಳಿಯುತ್ತದೆ.

ಲೆಕ್ಕ

ಅರ್ಧದಷ್ಟು ಕೋಶಗಳನ್ನು ತಡೆಯುವ ಪ್ರಮಾಣವೇ ಐಸಿ50. ಆರು ಬಿಂದುಗಳ ನಡುವೆ ಸರಳರೇಖೆ ಎಳೆಯಬೇಡಿ, ಪ್ರಮಾಣವನ್ನು ಲಾಗ್ ಅಳತೆಯಲ್ಲಿಟ್ಟು ಎಸ್ ಆಕಾರದ ವಕ್ರರೇಖೆ ಹೊಂದಿಸಿ. ಒಂದೇ ಪ್ಲೇಟಿನ ನಾಲ್ಕು ವೆಲ್‌ಗಳು ನಾಲ್ಕು ಪ್ರಯೋಗಗಳಲ್ಲ; ಬೇರೆ ಬೇರೆ ದಿನ, ಹೊಸದಾಗಿ ಬಿತ್ತಿದ ಕೋಶಗಳಲ್ಲಿ ಕನಿಷ್ಠ ಮೂರು ಸಲ ಮಾಡಿದರೆ ಅದು ಮೂರು. ಸಾಧ್ಯವಾದರೆ ಇನ್ನೊಂದು ತಿಂಗಳಲ್ಲಿ ತಂದ ಕಳೆಯಲ್ಲೂ ಮಾಡಿ, ಋತುವಿಗೆ ತಕ್ಕಂತೆ ಪಾಚಿಯ ರಸಾಯನ ಬದಲಾಗುತ್ತದೆ. ಅತಿ ಹೆಚ್ಚು ಪ್ರಮಾಣದಲ್ಲೂ ಅರ್ಧ ಕೋಶಗಳು ಸಾಯದಿದ್ದರೆ ‘ಐಸಿ50 200ಕ್ಕಿಂತ ಹೆಚ್ಚು’ ಎಂದು ಬರೆಯಿರಿ, ರೇಖೆಯನ್ನು ಮುಂದಕ್ಕೆ ಎಳೆದು 412 ಎಂಬಂಥ ಸಂಖ್ಯೆ ಹುಟ್ಟಿಸಬೇಡಿ. ಡಾಕ್ಸೊರುಬಿಸಿನ್‌ನ ಫಲ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಬಾರದಿದ್ದರೆ ಆ ದಿನದ ಪ್ಲೇಟನ್ನು ಬದಿಗಿಡಿ.

ಎಷ್ಟಿದ್ದರೆ ಒಳ್ಳೆಯದು? ಅಮೆರಿಕದ ಕ್ಯಾನ್ಸರ್ ಸಂಸ್ಥೆಯದೆಂದು ಸಾಮಾನ್ಯವಾಗಿ ಉದ್ಧರಿಸುವ ಮಾನದಂಡದಂತೆ ಕಚ್ಚಾ ಸಾರದ ಐಸಿ50 ಮಿ.ಲೀ.ಗೆ 20ರಿಂದ 30 ಮೈಕ್ರೊಗ್ರಾಂ ಒಳಗಿದ್ದರೆ ಮುಂದುವರಿಯಬಹುದು. 150 ಬಂದರೆ ಅದನ್ನು ‘ಪ್ರಬಲ’ ಎನ್ನುವುದು ಬೇಡ. ಕ್ಯಾನ್ಸರ್ ಅಲ್ಲದ ಕೋಶದ ಐಸಿ50ಯನ್ನು ಕ್ಯಾನ್ಸರ್ ಕೋಶದ್ದರಿಂದ ಭಾಗಿಸಿದರೆ ಬರುವುದು ಆಯ್ಕೆಯ ಸೂಚ್ಯಂಕ. ಅದು 1ರ ಆಸುಪಾಸಿನಲ್ಲಿದ್ದರೆ ನಿಮ್ಮ ಕೈಯಲ್ಲಿರುವುದು ಎಲ್ಲವನ್ನೂ ಕೊಲ್ಲುವ ವಿಷ.

ಇದಾದ ಮೇಲೆ

ಈ ಜರಡಿ ದಾಟಿದ ಸಾರವನ್ನು ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯುಟನಾಲ್‌ಗಳಲ್ಲಿ ಬೇರ್ಪಡಿಸಿ, ಯಾವ ಭಾಗದಲ್ಲಿ ಬಲವಿದೆಯೋ ಅದನ್ನೇ ಮತ್ತೆ ಒಡೆಯುತ್ತಾ ಹೋಗಬೇಕು. ಸಾವಿನ ಬಗೆ ತಿಳಿಯಲು ಅನೆಕ್ಸಿನ್ ಪರೀಕ್ಷೆ, ಕ್ಯಾಸ್ಪೇಸ್ ಅಳತೆ, ಫ್ಲೋ ಸೈಟೊಮೀಟರ್ ಬೇಕು. ಬೆಂಗಳೂರು, ಮಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಶುಲ್ಕ ಕಟ್ಟಿ ಮಾಡಿಸಬಹುದು. ಇಲಿಗಳ ಮೇಲಿನ ಪ್ರಯೋಗ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಆಗದು. ಪೇಟೆಂಟಿನ ಯೋಚನೆಯಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯನ್ನೂ ಅದರ ತಿದ್ದುಪಡಿಗಳನ್ನೂ ಓದಿ, ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಏನು ಕೇಳುತ್ತದೆಂದು ತಿಳಿದುಕೊಂಡೇ ಹೊರಡಿ.

ವರದಿ ಬರೆಯುವಾಗ ಶೀರ್ಷಿಕೆಯಲ್ಲಿ ‘ಕ್ಯಾನ್ಸರ್ ನಿರೋಧಕ’ ಎನ್ನಬೇಡಿ. ‘ಎಂಸಿಎಫ್-7 ಕೋಶಗಳ ಮೇಲೆ ವಿಷಪರಿಣಾಮ’ ಎಂದರೆ ನೀವು ಮಾಡಿದ್ದಕ್ಕೆ ತಕ್ಕ ಮಾತಾಗುತ್ತದೆ. ಪತ್ರಿಕೆಯವರು ಬಂದರೂ ಅಷ್ಟೇ ಹೇಳಿ. ಪ್ಲಾಸ್ಟಿಕ್ ತಟ್ಟೆಯ ಕೋಶಗಳ ಸುದ್ದಿ ಓದಿದ ರೋಗಿಯೊಬ್ಬರು ಚಿಕಿತ್ಸೆಯ ನಡುವೆ ಕಡಲಕಳೆಯ ಕಷಾಯ ಕುಡಿಯತೊಡಗಿದರೆ, ಅದರ ಅಯೋಡಿನ್ ಥೈರಾಯ್ಡನ್ನು ಏರುಪೇರು ಮಾಡಬಹುದು, ಆರ್ಸೆನಿಕ್ ಬೇರೆ. ಅಂಥವರು ಫೋನ್ ಮಾಡಿ ಕೇಳಿದರೆ ಸಾರವನ್ನಾಗಲಿ ಪುಡಿಯನ್ನಾಗಲಿ ಕೊಡದೆ, ಅವರ ಕ್ಯಾನ್ಸರ್ ವೈದ್ಯರ ಬಳಿಗೇ ಕಳುಹಿಸಿ.